ಬೆವರಿನ ಸೀಮೆಯಲ್ಲಿ ಸಕ್ಕರೆಯ ಲೆಕ್ಕ

ಮೇ ತಿಂಗಳ ಒಂದು ಮಧ್ಯಾಹ್ನ. ಶಹಾಬಾದಿನ ಫರಸಿ ಕಲ್ಲಿನ ಅಂಗಡಿಯೊಂದರಲ್ಲಿ ವಿದ್ಯುತ್ ಹೋಗಿ ಅರ್ಧ ತಾಸಾಗಿತ್ತು. ಅಂಗಡಿಯ ಯಜಮಾನರು, ಈ ಲೇಖಕನ ಸೋದರಮಾವ, ಗಲ್ಲಾದ ಮುಂದೆ ಕುಳಿತು ಬೆವರುತ್ತಿದ್ದರು. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ, ನಾಲ್ಕು ವರ್ಷಗಳಿಂದ ಇನ್ಸುಲಿನ್. ಎಡ ತೋಳಿನ ಹಿಂಭಾಗದಲ್ಲಿ ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಳಿ ಬಿಲ್ಲೆಯೊಂದು ಅಂಟಿತ್ತು. "ಮಾಮಾ, ಭಾಳ ಬೆವರ್ಲಿಕತ್ತೀರಿ, ಶುಗರ್ ಇಳದದೇನು ನೋಡ್ರಿ" ಎಂದರೆ, "ಈ ಬಿಸಲಾಗ ಯಾರಿಗಿ ಬೆವರು ಬರಂಗಿಲ್ಲ? ಸುಮ್ನಿರು" ಎಂದು ಮೊಬೈಲ್ ಫೋನನ್ನು ಮುಂದೆ ಹಿಡಿದರು. ಪರದೆಯ ಮೇಲೆ 84 ಎಂಬ ಅಂಕಿ, ಅದರ ಪಕ್ಕದಲ್ಲಿ ಕೆಳಮುಖವಾದ ಬಾಣ. ಅಂಕಿಯನ್ನು ಎಲ್ಲರೂ ನೋಡಿದೆವು, ಬಾಣವನ್ನು ಯಾರೂ ನೋಡಲಿಲ್ಲ. ಊಟದ ಡಬ್ಬಿ ತಂದ ಅತ್ತೆಗೆ ಮಾತ್ರ ಅನುಮಾನ. ಹಳೆಯ ಯಂತ್ರವನ್ನು ತೆಗೆದು ಬೆರಳು ಚುಚ್ಚಿ ನೋಡಿದರೆ 58!

ಅದೇ ವಾರ ನಡುರಾತ್ರಿ ಎರಡು ಗಂಟೆಗೆ ಫೋನು ಕೂಗಿ ಮನೆಯವರನ್ನೆಲ್ಲ ಎಬ್ಬಿಸಿತು. ಪರದೆಯ ಮೇಲೆ 54. ಒಬ್ಬರು ಗಾಬರಿಯಿಂದ ಸಕ್ಕರೆ ನೀರು ಕಲಸುತ್ತಿರುವಾಗ ಅತ್ತೆ ಮತ್ತೆ ಬೆರಳು ಚುಚ್ಚಿದರು. ಈ ಸಲ 121. ಮಾವ ಎಡಮಗ್ಗುಲಿಗೆ, ಬಿಲ್ಲೆಯ ಮೇಲೆಯೇ ಭಾರ ಹಾಕಿ ಮಲಗಿದ್ದರು.

ಒಂದು ಸಲ ಇಲ್ಲದ ನೆಮ್ಮದಿ, ಇನ್ನೊಂದು ಸಲ ಇಲ್ಲದ ಭಯ. ಹಾಗಾದರೆ ಈ ಬಿಲ್ಲೆ ಸುಳ್ಳು ಹೇಳುತ್ತದೆಯೇ? ಇಲ್ಲ. ತನಗೆ ಕಂಡದ್ದನ್ನು ಅದು ಹೇಳುತ್ತದೆ. ಅದಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ತಿಳಿಯಬೇಕಾದವರು ನಾವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ ಎಂದು ಅಂದಾಜಾಯಿತು. ದೊಡ್ಡ ನಗರಗಳ ಆಸ್ಪತ್ರೆಗಳಿಗೆ ಸೀಮಿತವಾಗಿದ್ದ ಸೆನ್ಸರುಗಳು ಈಗ ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳ ಕಡೆಗೂ ಬರುತ್ತಿವೆ. ಬಿಸಿಲು, ಬೆವರು, ಕಲ್ಲು-ಸಿಮೆಂಟಿನ ದೂಳು ಮೂರೂ ಕೂಡಿದ ಈ ಸೀಮೆಯಲ್ಲಿ ಸಕ್ಕರೆಯ ಲೆಕ್ಕ ಇಡುವುದು ಹೇಗೆ? ಉತ್ತರಕ್ಕೆ ಆ ಲೆಕ್ಕದ ಇತಿಹಾಸವನ್ನೇ ಕೊಂಚ ತಿರುವಿ ನೋಡಬೇಕು.

ಇರುವೆ ತಂದ ಸುದ್ದಿ

ಸಕ್ಕರೆ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚಿದ 'ಸೆನ್ಸರ್' ಇರುವೆ ಎಂದರೆ ತಪ್ಪಾಗಲಾರದು. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆ ಪ್ರಮೇಹದ ಮುನ್ಸೂಚನೆಗಳಲ್ಲಿ ಒಂದೆಂದು ಹೇಳಿದೆ. ಪ್ರಮೇಹದಲ್ಲಿ ಇಪ್ಪತ್ತು ಬಗೆಗಳನ್ನು ಗುರುತಿಸಿದ ಆಯುರ್ವೇದ, ಅದರಲ್ಲೊಂದಕ್ಕೆ 'ಮಧುಮೇಹ' ಎಂಬ ಹೆಸರನ್ನೂ ಕೊಟ್ಟಿತು.

ಈ ವೈದ್ಯ ಪರಂಪರೆಗೆ ನಮ್ಮ ಸೀಮೆಯ ನಂಟೂ ಉಂಟು. ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಇಲ್ಲಿಂದ ಆಳಿದ. ಉಗ್ರಾದಿತ್ಯಾಚಾರ್ಯನ 'ಕಲ್ಯಾಣಕಾರಕ' ಎಂಬ ಸಂಸ್ಕೃತ ವೈದ್ಯಗ್ರಂಥದ ಕೊನೆಯಲ್ಲಿ, ಔಷಧದಲ್ಲಿ ಮಾಂಸದ ಬಳಕೆಯನ್ನು ಖಂಡಿಸಿ ನೃಪತುಂಗನ ಸಭೆಯಲ್ಲಿ ಮಂಡಿಸಿದ ವಾದವೊಂದು ಸೇರಿದೆ. ಅದೇ ಅರಸನನ್ನು ಸ್ತುತಿಸಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಬರೆದ. ಒಂದೇ ಆಸ್ಥಾನದ ಸುತ್ತ ವೈದ್ಯವೂ ಇತ್ತು, ಗಣಿತವೂ ಇತ್ತು. ಆದರೆ ರೋಗವನ್ನು ಅಂಕಿಯಲ್ಲಿ ಅಳೆಯುವ ದಿನ ಬರಲು ಮುಂದೆ ಸಾವಿರ ವರ್ಷವೇ ಬೇಕಾಯಿತು.

ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಮೂತ್ರದ ಸಿಹಿಯ ಬಗ್ಗೆ ಬರೆದದ್ದು 1674ರಲ್ಲಿ. ಒಂದು ಶತಮಾನದ ಬಳಿಕ, 1776ರಲ್ಲಿ, ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಕಾಯಿಸಿ ಆವಿಯಾಗಿಸಿದಾಗ ತಳದಲ್ಲಿ ಸಕ್ಕರೆಯೇ ಉಳಿಯಿತು. ರಕ್ತದ ದ್ರವವೂ ಸಿಹಿಯಾಗಿದೆ ಎಂಬುದನ್ನು ಆತ ಗಮನಿಸಿದ. ಕಾಯಿಲೆ ಮೂತ್ರದ್ದಲ್ಲ, ಇಡೀ ದೇಹದ್ದು ಎಂಬ ಅರಿವಿಗೆ ಇದು ದಾರಿ ಮಾಡಿತು.

ನೀಲಿಯಿಂದ ಇಟ್ಟಿಗೆಗೆಂಪಿಗೆ

ಹಳೆಯ ತಲೆಮಾರಿನ ಓದುಗರಿಗೆ ಬೆನೆಡಿಕ್ಟ್ ದ್ರಾವಣ ನೆನಪಿರಬಹುದು. ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ಬೆನೆಡಿಕ್ಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಈ ನೀಲಿ ದ್ರಾವಣವನ್ನು ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರ್ ಹಾಕಿ, ಎಂಟು ಹನಿ ಮೂತ್ರ ಬೆರೆಸಿ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಗೆಂಪು.

ಇದರ ದೋಷವೇನು? ರಕ್ತದಲ್ಲಿ ಸಕ್ಕರೆಯ ಪ್ರಮಾಣ ಡೆಸಿಲೀಟರಿಗೆ ಸುಮಾರು 180 ಮಿ.ಗ್ರಾಂ. ದಾಟುವವರೆಗೆ ಮೂತ್ರಪಿಂಡ ಅದನ್ನು ಹೊರಗೆ ಬಿಡುವುದಿಲ್ಲ. ಆದ್ದರಿಂದ ರಕ್ತದಲ್ಲಿ 150 ಇದ್ದರೂ ನೀಲಿ, 50 ಇದ್ದರೂ ನೀಲಿ. ಅಲ್ಲದೆ ಮೂತ್ರ ಹೇಳುವುದು ಈ ಕ್ಷಣದ ಸುದ್ದಿಯನ್ನಲ್ಲ, ಕಳೆದ ಕೆಲವು ತಾಸುಗಳದ್ದನ್ನು.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಕೊಟ್ಟ ಮೇಲೆ ಈ ದೋಷ ಪ್ರಾಣದ ಪ್ರಶ್ನೆಯಾಯಿತು. ಇನ್ಸುಲಿನ್ ಸಕ್ಕರೆಯನ್ನು ಇಳಿಸುತ್ತದೆ. ಅಗತ್ಯಕ್ಕಿಂತ ಹೆಚ್ಚು ಇಳಿಸಿದರೆ ಬೆವರು, ನಡುಕ, ಮಂಪರು, ಕೊನೆಗೆ ಪ್ರಜ್ಞೆ ತಪ್ಪುವುದು. ಔಷಧ ಬಂದಿತ್ತು, ಅದು ಎಲ್ಲಿಯವರೆಗೆ ಇಳಿಸಿದೆ ಎಂದು ಮನೆಯಲ್ಲೇ ಅಳೆಯುವ ಕೋಲು ಮಾತ್ರ ಇನ್ನೂ ಬಂದಿರಲಿಲ್ಲ.

ಬೆರಳ ತುದಿಯ ಹನಿ

ಆ ಕೋಲಿಗೆ ದಾರಿ ಮಾಡಿದ್ದು ಒಂದು ಬೂಷ್ಟು. 1928ರಲ್ಲಿ ಡೆನ್ಮಾರ್ಕಿನ ಡೆಟ್ಲೆವ್ ಮ್ಯುಲರ್ ಕಪ್ಪು ಬೂಷ್ಟಿನಲ್ಲಿ 'ಗ್ಲೂಕೋಸ್ ಆಕ್ಸಿಡೇಸ್' ಎಂಬ ಕಿಣ್ವವನ್ನು ಕಂಡುಹಿಡಿದ. ನೂರಾರು ವಸ್ತುಗಳಿರುವ ರಕ್ತದಲ್ಲಿ ಗ್ಲೂಕೋಸನ್ನೇ ಆರಿಸಿ ಹಿಡಿಯುವುದು ಇದರ ಗುಣ. 1960ರ ದಶಕದ ನಡುವಿನಲ್ಲಿ ಈ ಕಿಣ್ವವನ್ನು ಲೇಪಿಸಿದ ರಕ್ತಪರೀಕ್ಷೆಯ ಪಟ್ಟಿಗಳು ಬಂದವು. ಪಟ್ಟಿಯ ಮೇಲೆ ಹನಿ ರಕ್ತ ಹಾಕಿ, ಒಂದು ನಿಮಿಷ ಕಾದು, ನೀರಿನಿಂದ ತೊಳೆದು, ಬಣ್ಣವನ್ನು ಕಣ್ಣಳತೆಯಲ್ಲಿ ಹೋಲಿಸಬೇಕಿತ್ತು. ಆ ಬಣ್ಣವನ್ನು ಅಂಕಿಯಾಗಿಸಿದ್ದು 1970ರಲ್ಲಿ ಅಮೆರಿಕದಲ್ಲಿ ಬಂದ ಮೀಟರು. ತೂಕ ಒಂದು ಕಿಲೋಗಿಂತ ಹೆಚ್ಚು!

ಆದರೆ ಅದನ್ನು ಮಾರುತ್ತಿದ್ದುದು ವೈದ್ಯರಿಗೆ ಮಾತ್ರ. ಸ್ವತಃ ಮಧುಮೇಹಿಯಾಗಿದ್ದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೀನ್ ಅವರಿಗೆ ಅದು ಸಿಕ್ಕಿದ್ದು ಪತ್ನಿ ವೈದ್ಯೆಯಾಗಿದ್ದುದರಿಂದ. ದಿನಕ್ಕೆ ಹಲವು ಸಲ ತಮ್ಮ ರಕ್ತವನ್ನು ತಾವೇ ಅಳೆದು, ಊಟವನ್ನೂ ಇನ್ಸುಲಿನ್ನನ್ನೂ ಹೊಂದಿಸಿಕೊಂಡ ಅವರು ನಡುವಯಸ್ಸಿನಲ್ಲಿ ವೈದ್ಯಕೀಯ ಓದಿ ವೈದ್ಯರೂ ಆದರು. ಅಂಕಿ ವೈದ್ಯನ ಮೇಜಿನಿಂದ ರೋಗಿಯ ಕೈಗೆ ದಾಟಿದ ಕಥೆ ಇದು.

ಬೆರಳಿನ ಪರೀಕ್ಷೆಗೂ ಅದರದೇ ತೊಡಕುಗಳಿವೆ. ಬಾಳೆಹಣ್ಣು ಸುಲಿದ ಅಥವಾ ಬೆಲ್ಲ ಮುಟ್ಟಿದ ಕೈಯನ್ನು ತೊಳೆಯದೆ ಚುಚ್ಚಿದರೆ ಬೆರಳ ಮೇಲಿನ ಸಿಹಿಯೇ ರಕ್ತದ ಲೆಕ್ಕಕ್ಕೆ ಸೇರಿ ಅಂಕಿ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಒಂದು ಕ್ಷಣದ ಚಿತ್ರ ಮಾತ್ರ. ಮುಂಜಾನೆ 110, ಸಂಜೆ 140 ಎಂದರೆ ನಡುವೆ ಏನಾಯಿತು, ರಾತ್ರಿ ಏನಾಯಿತು ಎಂಬುದು ಕತ್ತಲೆ.

ಚರ್ಮದ ಕೆಳಗಿನ ಎಳೆ

ಆ ಕತ್ತಲೆಗೆ ದೀಪ ಹಿಡಿದದ್ದು ಸೆನ್ಸರ್. ಬೂಷ್ಟಿನ ಆ ಕಿಣ್ವವನ್ನು ವಿದ್ಯುದಗ್ರದ ಮೇಲೆ ಕೂರಿಸಿ ಗ್ಲೂಕೋಸನ್ನು ವಿದ್ಯುತ್ ಸಂಕೇತವಾಗಿ ಅಳೆಯಬಹುದೆಂದು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲಿ ತೋರಿಸಿದರು. 1982ರಲ್ಲಿ ಜಪಾನಿನ ಶಿಚಿರಿ ತಂಡ ಸೂಜಿಯಾಕಾರದ ಸೆನ್ಸರನ್ನು ವರದಿ ಮಾಡಿತು. 1999ರಲ್ಲಿ ಅಮೆರಿಕದಲ್ಲಿ ಮಿನಿಮೆಡ್ ಕಂಪೆನಿಯ ಉಪಕರಣಕ್ಕೆ ಒಪ್ಪಿಗೆ ಸಿಕ್ಕಿತು. ಅದು ಮೂರು ದಿನ ಅಳೆಯುತ್ತಿತ್ತು. ಅಂಕಿ ಮಾತ್ರ ಧರಿಸಿದವರಿಗೆ ಕಾಣುತ್ತಿರಲಿಲ್ಲ, ವೈದ್ಯರ ಕಂಪ್ಯೂಟರಿಗೆ ಇಳಿಸಿದ ಮೇಲಷ್ಟೇ ಗೊತ್ತಾಗುತ್ತಿತ್ತು.

2001ರಲ್ಲಿ ಒಪ್ಪಿಗೆ ಪಡೆದ 'ಗ್ಲೂಕೋವಾಚ್' ಎಂಬ ಕೈಗಡಿಯಾರದ ಕಥೆ ನಮ್ಮ ಸೀಮೆಯವರು ಅವಶ್ಯ ತಿಳಿಯಬೇಕಾದದ್ದು. ಮಂದ ವಿದ್ಯುತ್ತಿನಿಂದ ಚರ್ಮದ ಮೂಲಕ ದ್ರವ ಎಳೆದು ಅದು ಸಕ್ಕರೆ ಅಳೆಯುತ್ತಿತ್ತು. ಹಲವರಿಗೆ ಚರ್ಮ ಕೆಂಪಾಗಿ ಉರಿಯಿತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಧರಿಸಿದವರು ಬೆವರಿದರೆ ಅಳತೆ ಕೆಡುತ್ತದೆಂದು ಯಂತ್ರ ಆ ಹೊತ್ತಿನ ಲೆಕ್ಕವನ್ನೇ ಬಿಟ್ಟುಬಿಡುತ್ತಿತ್ತು. ಸಕ್ಕರೆ ಕುಸಿದಾಗ ಮೊದಲು ಬರುವ ಲಕ್ಷಣಗಳಲ್ಲಿ ಬೆವರೂ ಒಂದು! ಎಚ್ಚರಿಸಬೇಕಾದ ಹೊತ್ತಿಗೇ ಬಾಯಿ ಮುಚ್ಚುವ ಕಾವಲುಗಾರ ಎಷ್ಟು ದಿನ ಬಾಳಿಯಾನು? ಆ ಗಡಿಯಾರ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು.

2014ರಲ್ಲಿ ಯುರೋಪಿನಲ್ಲಿ ಫ್ರೀಸ್ಟೈಲ್ ಲಿಬ್ರೆ ಎಂಬ ಬಿಲ್ಲೆ ಬಂತು. ಹದಿನಾಲ್ಕು ದಿನ ತೋಳಿನ ಮೇಲೆ ಇರುತ್ತದೆ, ಬೆರಳು ಚುಚ್ಚಿ ಸರಿಹೊಂದಿಸುವ ಅಗತ್ಯವಿಲ್ಲ. ವೈದ್ಯರ ಮೂಲಕ ಬಳಸುವ ಮಾದರಿ 2015ರಲ್ಲಿ ಭಾರತಕ್ಕೆ ಬಂತು, ಜನರೇ ಕೊಂಡು ಹಾಕಿಕೊಳ್ಳುವ ಮಾದರಿ 2020ರಲ್ಲಿ. ಈಗ ಬೇರೆ ಕಂಪೆನಿಗಳ ಸೆನ್ಸರುಗಳೂ ಇವೆ.

ಹತ್ತು ನಿಮಿಷ ಹಿಂದಿನ ಸುದ್ದಿ

ಈ ಬಿಲ್ಲೆಯ ಎಳೆ ರಕ್ತನಾಳದಲ್ಲಿ ಇರುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಅದು ಚರ್ಮದ ಕೆಳಗೆ, ಜೀವಕೋಶಗಳ ನಡುವಿನ ದ್ರವದಲ್ಲಿ ಇರುತ್ತದೆ. ರಕ್ತದ ಸಕ್ಕರೆ ಅಲ್ಲಿಗೆ ತಲುಪಲು ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ಸಕ್ಕರೆ ನಿಂತ ನೀರಿನಂತಿದ್ದರೆ ಈ ವಿಳಂಬದಿಂದ ತೊಂದರೆಯಿಲ್ಲ. ಕೆಲಸದ ಭರದಲ್ಲಿ, ಇನ್ಸುಲಿನ್ ಪ್ರಭಾವದಲ್ಲಿ ರಭಸವಾಗಿ ಇಳಿಯುತ್ತಿದ್ದರೆ ಮಾತ್ರ ಪರದೆಯ ಅಂಕಿ ಹಿಂದೆ ಉಳಿಯುತ್ತದೆ. ಅಂಗಡಿಯಲ್ಲಿ ಆದದ್ದು ಇದೇ. ಅಂಕಿಗಿಂತ ಬಾಣಕ್ಕೆ ಬೆಲೆ ಕೊಡಬೇಕಾದ ಹೊತ್ತು ಅದು.

ಇದೇ ವಿಳಂಬ ಇನ್ನೊಂದು ಎಡವಟ್ಟಿಗೂ ಕಾರಣ. ಸಕ್ಕರೆ 70ಕ್ಕಿಂತ ಇಳಿದರೆ ಸುಮಾರು 15 ಗ್ರಾಂ, ಅಂದರೆ ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ತೆಗೆದುಕೊಂಡು ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು ಎಂಬುದು ನಿಯಮ. ಸೆನ್ಸರನ್ನೇ ನೋಡುತ್ತ ಕೂತವರಿಗೆ ರಕ್ತ ಸುಧಾರಿಸಿದರೂ ಪರದೆ 'ಕಡಿಮೆ' ಎಂದೇ ತೋರಿಸುತ್ತದೆ. ಗಾಬರಿಯಿಂದ ಮತ್ತೆ ಮತ್ತೆ ಸಕ್ಕರೆ ತಿಂದರೆ ಒಂದು ತಾಸಿನಲ್ಲಿ 300! ಚೇತರಿಕೆಯನ್ನು ನೋಡಲು ಬೆರಳಿನ ಪರೀಕ್ಷೆಯೇ ಲೇಸು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ನಡುರಾತ್ರಿಯ ಸುಳ್ಳು ಕೂಗಿನ ಗುಟ್ಟು ಬೇರೆ. ಮಲಗಿದಾಗ ತೋಳಿನ ಭಾರ ಬಿದ್ದರೆ ಅಲ್ಲಿನ ರಕ್ತಸಂಚಾರ ಕುಗ್ಗಿ, ಎಳೆಯ ಸುತ್ತಲಿನ ದ್ರವದಲ್ಲಿ ಸಕ್ಕರೆ ಕಡಿಮೆಯಾಗುತ್ತದೆ. ಮಗ್ಗುಲು ಬದಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅಂಕಿ ತಾನೇ ಮೇಲೇರುತ್ತದೆ. ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರೋ ಅದರ ಎದುರು ತೋಳಿಗೆ ಹಾಕಿಸುವುದು ಸುಲಭದ ಪರಿಹಾರ.

ಹೊಸ ಸೆನ್ಸರ್ ಮೊದಲ ದಿನ ತುಸು ತಪ್ಪುವುದು ಸಹಜ. ಎಳೆ ಹೊಕ್ಕ ಜಾಗದ ಸಣ್ಣ ಗಾಯ ಆರಬೇಕಷ್ಟೆ. ಎರಡು ಯಂತ್ರಗಳ ಅಂಕಿ ಒಂದೇ ಆಗಿರಬೇಕೆಂದು ಹಟ ಹಿಡಿಯುವುದೂ ಸರಿಯಲ್ಲ. ಒಳ್ಳೆಯ ಸೆನ್ಸರುಗಳಲ್ಲಿಯೂ ಸರಾಸರಿ ಶೇ 8ರಿಂದ 10ರಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಬೆರಳಿನ ಮೀಟರಿಗೂ ಶೇ 15ರವರೆಗೆ ವಿನಾಯಿತಿಯಿದೆ. 150 ಮತ್ತು 162ರ ನಡುವೆ ಜಗಳವಿಲ್ಲ. 84 ಮತ್ತು 58ರ ನಡುವೆ ಇದೆ.

ಔಷಧಗಳೂ ಲೆಕ್ಕ ಕೆಡಿಸಬಲ್ಲವು. ಚೀಪುವ ವಿಟಮಿನ್ 'ಸಿ' ಮಾತ್ರೆ ಅನೇಕ ಮನೆಗಳಲ್ಲಿ ಪೆಪ್ಪರಮಿಂಟಿನಂತೆ ಖರ್ಚಾಗುತ್ತದೆ. ದಿನಕ್ಕೆ 500 ಮಿ.ಗ್ರಾಂ. ಮೀರಿದರೆ ಕೆಲವು ಸೆನ್ಸರುಗಳು ಇಲ್ಲದ ಸಕ್ಕರೆಯನ್ನು ತೋರಿಸುತ್ತವೆ. ಬೇರೆ ಕೆಲವು ಮಾದರಿಗಳಿಗೆ ಜ್ವರದ ಪ್ಯಾರಾಸಿಟಮಾಲ್ ಮಾತ್ರೆಯೇ ತೊಡಕು. ಸುಳ್ಳು ಏರಿಕೆಯನ್ನು ನಂಬಿ ಹೆಚ್ಚು ಇನ್ಸುಲಿನ್ ಚುಚ್ಚಿಕೊಂಡರೆ ಅಪಾಯ. ಪೊಟ್ಟಣದೊಳಗಿನ ಕಾಗದವನ್ನು ಬಿಸಾಡುವ ಮೊದಲು ಇದೊಂದನ್ನಾದರೂ ಓದಬೇಕು. ಎಂಆರ್‌ಐ ತೆಗೆಯುವ ಮುನ್ನ ಸೆನ್ಸರ್ ಇದೆ ಎಂದು ಅಲ್ಲಿನ ಸಿಬ್ಬಂದಿಗೆ ಹೇಳಲು ಮರೆಯಬಾರದು.

ಬಿಸಿಲು, ಬೆವರು, ದೂಳು

ಇನ್ನು ನಮ್ಮ ಸೀಮೆಯ ವಿಶೇಷ ಕಷ್ಟಗಳು. ಕಲಬುರಗಿ ಜಿಲ್ಲೆಯಲ್ಲಿ ಮೇ ತಿಂಗಳ ಬಿಸಿಲು 42-43 ಡಿಗ್ರಿ ದಾಟುವುದು ಹೊಸದೇನಲ್ಲ. ಸೆನ್ಸರುಗಳನ್ನು ಸಾಮಾನ್ಯವಾಗಿ 25ರಿಂದ 30 ಡಿಗ್ರಿಯೊಳಗೆ ಇಡಬೇಕೆಂದು ಪೊಟ್ಟಣದ ಮೇಲೆಯೇ ಮುದ್ರಿಸಿರುತ್ತಾರೆ. ಕೆಲಸ ಮಾಡುವುದು ಕಿಣ್ವವಾದ್ದರಿಂದ ಕಾವಿಗೆ ಅದು ಕೆಡುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ, ತಗಡಿನ ಮಾಡಿನ ಕೆಳಗಿನ ಗೂಡಿನಲ್ಲಿ ಇಡಬಾರದು. ತರಿಸುವಾಗಲೂ ಬೇಸಿಗೆಯಲ್ಲಿ ಎರಡು ತಿಂಗಳಿಗಾಗುವಷ್ಟು ಒಟ್ಟಿಗೆ ತರಿಸದೆ ಒಂದೊಂದೇ ತರಿಸುವುದು ಕ್ಷೇಮ.

ಬೆವರು ಅಂಟನ್ನು ಸಡಿಲಿಸುತ್ತದೆ. ಕಲ್ಲಿನ ಗಣಿಯಲ್ಲಿ, ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುವವರಿಗೆ ಬೆವರಿನ ಜೊತೆ ದೂಳೂ ಸೇರಿ ಬಿಲ್ಲೆಯ ಅಂಚು ಮೇಲೇಳುತ್ತದೆ. ಸ್ನಾನ ಮಾಡಿ, ಎಣ್ಣೆ ಹಚ್ಚದೆ, ಸ್ಪಿರಿಟಿನಿಂದ ಒರೆಸಿ, ಚರ್ಮ ಪೂರ್ತಿ ಒಣಗಿದ ಮೇಲೆ ತಂಪು ಹೊತ್ತಿನಲ್ಲಿ ಹಾಕಿಕೊಂಡರೆ ಅಂಟು ಹಿಡಿಯುತ್ತದೆ. ಮೇಲೆ ಪಟ್ಟಿ ಅಂಟಿಸುವುದಾದರೆ ಬಿಲ್ಲೆಯ ನಡುವಿನ ಸಣ್ಣ ರಂಧ್ರವನ್ನು ಮುಚ್ಚಬಾರದು. ಒಮ್ಮೆ ಕಿತ್ತು ಬಂದದ್ದನ್ನು ಮತ್ತೆ ಒತ್ತಿ ಕೂರಿಸಬಾರದು. ಅವಧಿಗೆ ಮುನ್ನ ಬಿದ್ದರೆ ಬದಲಿ ಕೇಳಲು ಕ್ರಮಸಂಖ್ಯೆ ಬೇಕು, ಹಾಗಾಗಿ ಖಾಲಿ ಪೊಟ್ಟಣವನ್ನು ಎತ್ತಿಡಬೇಕು. ಚರ್ಮ ಕೆಂಪಾಗಿ ತುರಿಸಿದರೆ 'ಬಿಸಿಲಿಗೆ ಎದ್ದ ಬೆವರುಸಾಲೆ' ಎಂದು ಬಿಡಬಾರದು. ಒಂದು ಜನಪ್ರಿಯ ಸೆನ್ಸರಿನಲ್ಲಿದ್ದ ಐಸೊಬಾರ್ನಿಲ್ ಅಕ್ರಿಲೇಟ್ ಎಂಬ ಅಂಟು ರಾಸಾಯನಿಕದಿಂದ ಅಲರ್ಜಿ ಬರುವುದನ್ನು ಯುರೋಪಿನ ಚರ್ಮವೈದ್ಯರು 2017ರಲ್ಲಿ ಗುರುತಿಸಿದ್ದರು.

ಫೋನೂ ಈ ವ್ಯವಸ್ಥೆಯ ಒಂದು ಅಂಗ. ಬಿಸಿಲಿನಲ್ಲಿ ಕಾದ ಫೋನು ತಾನಾಗಿ ಆರಿಹೋಗುತ್ತದೆ. ಬ್ಯಾಟರಿ ಉಳಿಸುವ ವ್ಯವಸ್ಥೆ ಎಚ್ಚರಿಕೆಯ ಗಂಟೆಯನ್ನೇ ತಡೆಯಬಹುದು. ಚಿಂಚೋಳಿಯ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಬಿಲ್ಲೆ ಮತ್ತು ಫೋನಿನ ನಡುವಿನ ಮಾತಿಗೆ ಅಡ್ಡಿಯಿಲ್ಲ. ದೂರದ ಮಗನ ಫೋನಿಗೆ ಸುದ್ದಿ ಮುಟ್ಟಲು ಮಾತ್ರ ನೆಟ್‌ವರ್ಕ್ ಬೇಕು. ಫೋನಿನಿಂದ ಸ್ಕ್ಯಾನ್ ಮಾಡುವ ಮೊದಲ ಮಾದರಿಯ ಬಿಲ್ಲೆಗೆ ಎಂಟು ತಾಸಿನ ನೆನಪು ಮಾತ್ರ ಇತ್ತು. ಅಂಥದ್ದನ್ನು ಹಾಕಿದವರು ಮಲಗುವ ಮುನ್ನ, ಎದ್ದ ಕೂಡಲೇ ನೋಡದಿದ್ದರೆ ರಾತ್ರಿಯ ಲೆಕ್ಕದಲ್ಲಿ ತೂತು ಬೀಳುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬೆವರಿನ ಮೋಸ. ತಂಪು ಊರಿನವರಿಗೆ ಮೈ ಬೆವರಿದರೆ ಅದೇ ಎಚ್ಚರಿಕೆ. ನಮ್ಮಲ್ಲಿ ಮಾರ್ಚಿನಿಂದ ಜೂನ್‌ವರೆಗೆ ಎಲ್ಲರೂ ಬೆವರುವವರೇ. ಅದರ ಮೇಲೆ ಕಾವಿಗೆ ಚರ್ಮದ ರಕ್ತಸಂಚಾರ ಹೆಚ್ಚಿ ಚುಚ್ಚಿಕೊಂಡ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುವುದರಿಂದ ಸಕ್ಕರೆ ಕುಸಿಯುವ ಸಂಭವವೂ ಹೆಚ್ಚು. ಕುಸಿತ ಹೆಚ್ಚುವ ಕಾಲದಲ್ಲೇ ಅದರ ಲಕ್ಷಣ ಬಿಸಿಲಿನ ಮರೆಯಲ್ಲಿ ಅಡಗುತ್ತದೆ. ಅದಕ್ಕಾಗಿಯೇ ಇಲ್ಲಿನ ಮಧುಮೇಹಿಗೆ ಸೆನ್ಸರ್ ಬೇಕು, ಅದಕ್ಕಾಗಿಯೇ ಸೆನ್ಸರ್ ಒಂದೇ ಸಾಲದು.

ಎರಡನೆಯ ಸಾಕ್ಷಿ

ಎರಡು ವಾರದ ಒಂದು ಬಿಲ್ಲೆಗೆ ನಾಲ್ಕೈದು ಸಾವಿರ ರೂಪಾಯಿಯ ಆಸುಪಾಸು ಬೆಲೆ. ಕಲ್ಲು ಒಡೆಯುವವನ ಕೂಲಿಯ ಮುಂದೆ ಇದು ದೊಡ್ಡ ಮೊತ್ತ. ವೈದ್ಯರ ಸಲಹೆಯ ಮೇರೆಗೆ ವರ್ಷಕ್ಕೆ ಒಂದೆರಡು ಸಲ ಹಾಕಿಸಿ, ತನ್ನ ರೊಟ್ಟಿ, ದುಡಿಮೆ, ನಿದ್ದೆ ಸಕ್ಕರೆಯನ್ನು ಹೇಗೆ ಕುಣಿಸುತ್ತವೆ ಎಂದು ತಿಳಿದುಕೊಳ್ಳುವವರೂ ಇದ್ದಾರೆ. ಯಾರೇ ಹಾಕಲಿ, ಹಳೆಯ ಮೀಟರನ್ನೂ ನಾಲ್ಕು ಪಟ್ಟಿಗಳನ್ನೂ ಜೊತೆಗೆ ಇಟ್ಟುಕೊಳ್ಳಬೇಕು. ಮೈ ಹೇಳುವುದಕ್ಕೂ ಪರದೆ ಹೇಳುವುದಕ್ಕೂ ತಾಳೆಯಾಗದಿದ್ದಾಗ, ಬಾಣ ಕಡಿದಾಗಿ ಇಳಿಯುತ್ತಿದ್ದಾಗ, ಅನುಮಾನದ ಅಂಕಿ ನೋಡಿ ಇನ್ಸುಲಿನ್ ಚುಚ್ಚಿಕೊಳ್ಳುವ ಮುನ್ನ ಒಂದು ಹನಿ ರಕ್ತದ ಸಾಕ್ಷಿ ಬೇಕೇ ಬೇಕು. ಪರೀಕ್ಷಿಸುವ ಸಾಧನ ಹತ್ತಿರ ಇಲ್ಲದೆ ಕುಸಿತದ ಲಕ್ಷಣ ಕಂಡರೆ ಮೊದಲು ಸಕ್ಕರೆ ತಿನ್ನಬೇಕು, ಲೆಕ್ಕ ಆಮೇಲೆ.

ಇರುವೆ, ನೀಲಿ ದ್ರಾವಣ, ಬೆರಳ ಹನಿ, ತೋಳಿನ ಬಿಲ್ಲೆ. ಪ್ರತಿಯೊಂದು ಸಾಧನವೂ ಹಿಂದಿನದಕ್ಕಿಂತ ಹೆಚ್ಚು ಕಂಡಿತು, ಯಾವುದೂ ಎಲ್ಲವನ್ನೂ ಕಾಣಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಶಹಾಬಾದಿನ ಅತ್ತೆ ಸೆನ್ಸರಿನ ಬಗ್ಗೆ ಒಂದು ಪುಟವನ್ನೂ ಓದಿದವರಲ್ಲ. ಆ ಮಧ್ಯಾಹ್ನ ಅವರು ಮಾಡಿದ್ದು ಅದನ್ನೇ. ಈಗ ಅಂಗಡಿಯ ಗಲ್ಲಾದಲ್ಲಿ ಚಿಲ್ಲರೆ ಹಣದ ಪಕ್ಕದಲ್ಲಿ ಮೀಟರು ಇದೆ, ಒಂದು ಡಬ್ಬಿ ಗ್ಲೂಕೋಸ್ ಪುಡಿಯೂ ಇದೆ.